ಡಾಂಬರು ಘನವೋ ದ್ರವವೋ? ಒಂದು ಅರ್ಧ ಪಾಠ

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ 1927ರಲ್ಲಿ ಆರಂಭಿಸಿದ ಪಿಚ್ ಹನಿ ಪ್ರಯೋಗ ನಿಮಗೆ ಗೊತ್ತಿರಬಹುದು. ಸುತ್ತಿಗೆಯಿಂದ ಹೊಡೆದರೆ ಚೂರಾಗುವ ಪಿಚ್ಚನ್ನು ಕಾಯಿಸಿ ಆಲಿಕೆಗೆ ತುಂಬಿದರು. 1930ರಲ್ಲಿ ಆಲಿಕೆಯ ಕೆಳತುದಿಯನ್ನು ಕತ್ತರಿಸಿದರು. ಅಲ್ಲಿಂದ 2014ರವರೆಗೆ ಬಿದ್ದದ್ದು ಒಂಬತ್ತೇ ಹನಿ! ಈ ಪಿಚ್ಚಿನ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು 23,000 ಕೋಟಿ ಪಟ್ಟು.

ಪ್ರಯೋಗದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ತರಗತಿಯಲ್ಲಿ ಅದರಿಂದ ನಾವು ತೆಗೆಯುವ ತೀರ್ಮಾನದ ಬಗ್ಗೆ: 'ಆದ್ದರಿಂದ ರಸ್ತೆಯ ಡಾಂಬರೂ ನಿಜವಾಗಿ ದ್ರವ.' ನಾನೂ ಹಲವು ವರ್ಷ ಹೀಗೆಯೇ ಪಾಠ ಮಾಡಿದ್ದೇನೆ. ಇದು ಅರ್ಧ ಪಾಠ. (ಇಂದು ರಸ್ತೆಗೆ ಹಾಕುವುದು ಕಲ್ಲಿದ್ದಲಿನ ಟಾರ್ ಅಲ್ಲ, ಕಚ್ಚಾತೈಲದಿಂದ ಬರುವ ಬಿಟುಮೆನ್. ಆಡುಮಾತಿನಲ್ಲಿ ಎರಡೂ ಡಾಂಬರೇ.)

ಹೋಳಿಗೆಯ ಕಣಕವನ್ನು ನೆನಪಿಸಿಕೊಳ್ಳಿ. ಚಕ್ಕನೆ ಎಳೆದು ಬಿಟ್ಟರೆ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಸುಮ್ಮನೆ ಬಿಟ್ಟರೆ ಮೆಲ್ಲಗೆ ಹರಡಿಕೊಳ್ಳುತ್ತದೆ. ಬಿಟುಮೆನ್ ಕೂಡ ಹಾಗೆಯೇ. ಭಾರ ಬಿದ್ದಾಗ ಅದರ ವಿರೂಪದಲ್ಲಿ ಒಂದು ಭಾಗ ಭಾರ ತೆಗೆದ ಕೂಡಲೇ ಮಾಯವಾಗುತ್ತದೆ, ಇನ್ನೊಂದು ನಿಧಾನವಾಗಿ ಮರಳುತ್ತದೆ, ಮೂರನೆಯದು ಮರಳುವುದೇ ಇಲ್ಲ. ಈ ಮೂರನೆಯದು ಭಾರ ನಿಂತಷ್ಟು ಹೊತ್ತೂ ಬೆಳೆಯುತ್ತಲೇ ಹೋಗುತ್ತದೆ. ಹನಿ ಪ್ರಯೋಗ ತೋರಿಸುವುದು ಇದೊಂದನ್ನೇ.

ಲೆಕ್ಕ ಹಾಕಿ ನೋಡಿ. ಲಾರಿಯ ಚಕ್ರ ರಸ್ತೆಯನ್ನು ಮುಟ್ಟುವ ಉದ್ದ 30 ಸೆಂಟಿಮೀಟರ್ ಎಂದುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಬಿಂದುವಿನ ಮೇಲೆ ಭಾರ ಇರುವುದು 0.018 ಸೆಕೆಂಡು ಮಾತ್ರ. ಅದೇ ಲಾರಿ ಸಿಗ್ನಲ್‌ನಲ್ಲಿ ಒಂದು ನಿಮಿಷ ನಿಂತರೆ ಆ ಅವಧಿ ಮೂರು ಸಾವಿರ ಪಟ್ಟಿಗೂ ಹೆಚ್ಚು! ಬಸ್ ನಿಲ್ದಾಣದೆದುರು, ಸಿಗ್ನಲ್ ಬಳಿ ಚಕ್ರದ ಜಾಡು ಆಳವಾಗಿ ಕೂರುವುದಕ್ಕೆ ಇದು ಮುಖ್ಯ ಕಾರಣ. ಬಿಸಿಲಿನ ಪಾಲೂ ಉಂಟು. ಜಲ್ಲಿಯ ಹೊಂದಿಕೆ, ರೋಲರ್ ಕೆಲಸದ ಪಾಲೂ ಉಂಟು. ತೂಕದಲ್ಲಿ ಮಿಶ್ರಣದ ಸುಮಾರು ಶೇಕಡ 95 ಕಲ್ಲೇ ತಾನೆ?

ತಂತ್ರಜ್ಞರೂ ಈ ತಪ್ಪಿನಿಂದ ಪೂರ್ತಿ ಹೊರತಲ್ಲ. ಬಹುಕಾಲ ನಮ್ಮಲ್ಲಿ ಬಿಟುಮೆನ್ನಿನ ದರ್ಜೆಯನ್ನು ಸೂಜಿ ಪರೀಕ್ಷೆಯಿಂದ ನಿರ್ಧರಿಸುತ್ತಿದ್ದರು: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, 100 ಗ್ರಾಂ ಭಾರದಲ್ಲಿ, 5 ಸೆಕೆಂಡಿನಲ್ಲಿ ಸೂಜಿ ಎಷ್ಟು ಇಳಿಯಿತು? ಸೂಜಿಗೆ ಒಂದೇ ಉತ್ತರ ಕೊಟ್ಟ ಎರಡು ಮಾದರಿಗಳು 60 ಡಿಗ್ರಿಯಲ್ಲಿ ಬೇರೆಬೇರೆಯಾಗಿ ವರ್ತಿಸಬಹುದು. ಭಾರತೀಯ ಮಾನಕ ಐಎಸ್ 73 ಅನ್ನು 2006ರಲ್ಲಿ ಪರಿಷ್ಕರಿಸಿ, 60 ಡಿಗ್ರಿಯಲ್ಲಿನ ಸ್ನಿಗ್ಧತೆಯನ್ನು ಆಧಾರವಾಗಿಸಿದ್ದು ಒಳ್ಳೆಯ ಹೆಜ್ಜೆ. ವಿಜಿ-30 ದರ್ಜೆಗೆ ಅದು ಕನಿಷ್ಠ 2400 ಪಾಯ್ಸ್ ಇರಬೇಕು. ಆದರೆ ಸ್ನಿಗ್ಧತೆ ಹರಿವನ್ನಷ್ಟೇ ಹೇಳುತ್ತದೆ, ಮರಳುವಿಕೆಯನ್ನು ಹೇಳುವುದಿಲ್ಲ. ಅಮೆರಿಕದಲ್ಲಿ ರೂಪುಗೊಂಡ ಮತ್ತೊಂದು ಪರೀಕ್ಷೆಯಲ್ಲಿ ಮಾದರಿಯನ್ನು 1 ಸೆಕೆಂಡು ತಿರುಚಿ, 9 ಸೆಕೆಂಡು ಬಿಟ್ಟು, ಎಷ್ಟು ಮರಳಿತು, ಎಷ್ಟು ಉಳಿಯಿತು ಎಂದು ಮತ್ತೆ ಮತ್ತೆ ಅಳೆಯುತ್ತಾರೆ. ರಸ್ತೆಯ ಮೇಲೆ ನಡೆಯುವುದಕ್ಕೆ ಇದು ಹೆಚ್ಚು ಹತ್ತಿರ.

'ಬಿಟುಮೆನ್ ಘನವೇ, ದ್ರವವೇ?' ಎಂಬ ಪ್ರಶ್ನೆಯನ್ನು ನಾನೀಗ ಪರೀಕ್ಷೆಯಲ್ಲಿ ಕೊಡುವುದಿಲ್ಲ. ಭಾರ, ಉಷ್ಣತೆ, ಅವಧಿ ಮೂರನ್ನೂ ಕೊಟ್ಟು, ಭಾರ ತೆಗೆದ ಮೇಲೆ ಏನು ಉಳಿಯುತ್ತದೆ ಎಂದು ಕೇಳುತ್ತೇನೆ.