ಬಿಳಿಕಣಗಳನ್ನು ಕರೆಯುವ ಪುಡಿ

ಮದ್ದೂರು ಸೀಮೆಯ ಶಿವಪುರದಲ್ಲಿ ಕಬ್ಬಿನ ಗರಿ ಬೆರಳು ಸೀಳಿದರೆ ಗಾಯದ ಸುತ್ತ ಕೆಂಪೇರಿ ಊದಿಕೊಳ್ಳುತ್ತದೆ. ರಕ್ತದ ಬಿಳಿಕಣಗಳನ್ನು ಅಲ್ಲಿಗೆ ಕರೆಯುವುದು ಕೀಮೋಕೈನ್ ಎಂಬ ಪುಟ್ಟ ಪ್ರೋಟೀನುಗಳ ಕುಲ.

ಅದರಲ್ಲೊಂದು ಸುಂಡಿಲಿಯ ಸಿಎಕ್ಸ್‌ಸಿಎಲ್12 ಆಲ್ಫಾ. ಬರೀ 68 ಅಮೈನೋ ಆಮ್ಲಗಳ ಸರ. ಮನುಷ್ಯನದಕ್ಕೂ ಇದಕ್ಕೂ ಒಂದೇ ಮಣಿಯ ವ್ಯತ್ಯಾಸ! ಎಂಥ ಹತ್ತಿರದ ನೆಂಟಸ್ತಿಕೆ.

ಪ್ರಯೋಗಾಲಯಕ್ಕೆ ಬೇಕಾದದ್ದನ್ನು ಇಲಿಯಿಂದ ತೆಗೆಯಬೇಕಿಲ್ಲ. ಅದರ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗಿಟ್ಟು ಬೆಳೆಸುತ್ತಾರೆ. ಅಲ್ಲಿ ಪ್ರೋಟೀನು ಹೆಚ್ಚಾಗಿ ಮುದ್ದೆಗಟ್ಟುತ್ತದೆ. ಅದನ್ನು ಬಿಡಿಸಿ, ಎರಡು ಗಂಧಕದ ಕೊಂಡಿಗಳು ಸರಿಯಾದ ಜಾಗದಲ್ಲೇ ಬೀಳುವಂತೆ ಮತ್ತೆ ಮಡಚುವುದೇ ನಿಜವಾದ ಕಸುಬುಗಾರಿಕೆ. ಶುದ್ಧಗೊಳಿಸಿ, ಹೆಪ್ಪುಗಟ್ಟಿಸಿ ಒಣಗಿಸಿದಾಗ ಸೀಸೆಯ ತಳದಲ್ಲಿ ಉಳಿಯುವುದು ಕಣ್ಣಿಗೆ ಕಂಡೂ ಕಾಣದಷ್ಟು ಪುಡಿ.

ಅದರ ಪರೀಕ್ಷೆ ನೋಡುವಂಥದ್ದು. ಸ್ಟೀಫನ್ ಬಾಯ್ಡನ್ 1962ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸಣ್ಣ ರಂಧ್ರಗಳ ಪೊರೆಯ ಮೇಲೆ ಜೀವಕೋಶಗಳು, ಕೆಳಗೆ ಈ ಪುಡಿಯ ದ್ರಾವಣ. ಕೆಲವೇ ಗಂಟೆಗಳಲ್ಲಿ ಕೋಶಗಳು ಮೈ ಹಿಂಡಿಕೊಂಡು, ರಂಧ್ರ ನುಸುಳಿ ಕೆಳಗಿಳಿಯುತ್ತವೆ.