ಮೂರರಲ್ಲಿ ಮರಳುವುದು ಒಂದೇ

ರಷ್ಯಾದ ಸೋಯುಜ್ ನೌಕೆಯ ಚಿತ್ರ ಕಂಡಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅದರ ಬೆಸುಗೆಗಳತ್ತ. ಮುಂದೆ ದುಂಡನೆಯ ವಾಸದ ಕೋಣೆ, ನಡುವೆ ಗಂಟೆಯಾಕಾರದ ಇಳಿಯುವ ಕೋಶ, ಹಿಂದೆ ಎಂಜಿನ್, ಇಂಧನ, ಸೌರಫಲಕ ಹೊತ್ತ ಭಾಗ. ಭೂಮಿಗೆ ಮರಳುವುದು ನಡುವಿನದು ಮಾತ್ರ. ಉಳಿದೆರಡೂ ವಾತಾವರಣದಲ್ಲಿ ಉರಿದುಹೋಗುತ್ತವೆ.

ಸೆರ್ಗೇಯ್ ಕೊರೊಲ್ಯೋವ್ ಅವರ ವಿನ್ಯಾಸ ಕಚೇರಿಯ ಈ ಲೆಕ್ಕಾಚಾರಕ್ಕೆ ನಾನು ಮನಸೋತಿದ್ದೇನೆ. ಹೊತ್ತು ತರುವ ಪ್ರತಿ ಕಿಲೋಗೂ ಉಷ್ಣಕವಚ ಬೇಕು, ಪ್ಯಾರಾಚೂಟ್ ಬೇಕು. ಅದಕ್ಕೇ ಊಟ, ಶೌಚ, ಕೈಕಾಲು ಚಾಚುವ ಜಾಗವನ್ನೆಲ್ಲ ಬಿಸಾಡುವ ಗೋಳದಲ್ಲಿಟ್ಟರು. ಕೋಶದ ಅಗಲ ಸುಮಾರು 2.2 ಮೀಟರ್. ಮೂವರು ಮೊಣಕಾಲು ಮಡಚಿ ಮಲಗಿದರೆ ಅದು ಭರ್ತಿ. ಒಬ್ಬೊಬ್ಬರ ಬೆನ್ನಿನ ಅಚ್ಚು ತೆಗೆದು ಅವರವರ ಆಸನಕ್ಕೆ ಒಳಪದರ ಮಾಡುತ್ತಾರೆ. ಬೆಲ್ಟ್ ಬಿಗಿದ ಕಮಾಂಡರ್‌ಗೆ ಎದುರಿನ ಗುಂಡಿಗಳು ಎಟುಕುವುದಿಲ್ಲ. ಪುಟ್ಟ ಕೋಲಿನಿಂದ ಒತ್ತುತ್ತಾರೆ.

ಕೋಶದ ಭಾರಕೇಂದ್ರವನ್ನು ಬೇಕೆಂದೇ ಒಂದು ಬದಿಗೆ ಸರಿಸಿದ್ದಾರೆ. ಹಾಗಾಗಿ ಅದು ತುಸು ವಾರೆಯಾಗಿ ನುಗ್ಗಿ, ರೆಕ್ಕೆಯಿಲ್ಲದೆಯೂ ಗಾಳಿಯಿಂದ ಒಂದಿಷ್ಟು ಎತ್ತುಬಲ ಗಿಟ್ಟಿಸಿಕೊಳ್ಳುತ್ತದೆ. ಅತ್ತಿತ್ತ ಹೊರಳಿಸಿದರೆ ದಾರಿ ಬದಲಾಗುತ್ತದೆ. ಎಲ್ಲ ಸರಿಯಿದ್ದರೆ ಒಳಗಿದ್ದವರಿಗೆ ತಮ್ಮ ತೂಕದ ನಾಲ್ಕು ಪಟ್ಟಿನಷ್ಟು ಒತ್ತಡ. ಆ ಹಿಡಿತ ತಪ್ಪಿ ಕಲ್ಲಿನಂತೆ ಬಿದ್ದರೆ ಎಂಟು ಪಟ್ಟಿಗೂ ಮಿಕ್ಕಿ. 2008ರ ಏಪ್ರಿಲ್‌ನಲ್ಲಿ ಹಿಂಭಾಗ ಸರಿಯಾಗಿ ಕಳಚಿಕೊಳ್ಳದೆ ಹಾಗೇ ಆಯಿತು. ಗುರುತಿಸಿದ ಜಾಗಕ್ಕಿಂತ 400 ಕಿ.ಮೀ.ಗೂ ಹಿಂದೆ ಕಜಕಸ್ತಾನದ ಬಯಲಲ್ಲಿ ಇಳಿದರೂ ಮೂವರೂ ಬದುಕಿದರು.

1971ರ ಜೂನ್ 30ರಂದು ಹಾಗಾಗಲಿಲ್ಲ. ಸೋಯುಜ್ 11ರ ಭಾಗಗಳು ಬೇರ್ಪಟ್ಟ ಅದುರಿಗೆ, ನೆಲದ ಹತ್ತಿರ ಬಂದ ಮೇಲೆ ತೆರೆಯಬೇಕಿದ್ದ ಗಾಳಿಯ ವಾಲ್ವ್ ಬಾಹ್ಯಾಕಾಶದಲ್ಲೇ ತೆರೆದುಕೊಂಡಿತು. ದೊಬ್ರೊವೊಲ್‌ಸ್ಕಿ, ವೋಲ್ಕೊವ್, ಪತ್ಸಾಯೆವ್ ತೀರಿಕೊಂಡರು. ಮೂವರು ಹಿಡಿಯಲೆಂದು ಒತ್ತಡದ ಉಡುಪನ್ನೇ ಕೈಬಿಡಲಾಗಿತ್ತು. ಇಷ್ಟೊಂದು ಜತನದಿಂದ ತೂಕ ಅಳೆದವರು ಅಲ್ಲಿ ಕತ್ತರಿ ಹಾಕಬಾರದಿತ್ತು. ಆಮೇಲೆ ಉಡುಪು ಬಂತು, ಒಂದು ಆಸನ ಹೋಯಿತು. ಮೂರನೆಯವರಿಗೆ ಮತ್ತೆ ಜಾಗ ಸಿಕ್ಕಿದ್ದು 1980ರಲ್ಲಿ, ಸೋಯುಜ್ ಟಿ ಮಾದರಿಯಲ್ಲಿ.

ಬೇರ್ಪಡುವ ಅದೇ ಗುಣ ಜೀವ ಉಳಿಸಿದ್ದೂ ಉಂಟು. 1983ರ ಸೆಪ್ಟೆಂಬರ್ 26ರ ರಾತ್ರಿ ಬೈಕೊನೂರಿನಲ್ಲಿ, ಉಡಾವಣೆಗೆ ಇನ್ನೇನು ಒಂದೂವರೆ ನಿಮಿಷವಿದೆ ಎನ್ನುವಾಗ ರಾಕೆಟ್‌ನ ಬುಡಕ್ಕೆ ಬೆಂಕಿ ಹತ್ತಿತು. ತಂತಿಗಳು ಸುಟ್ಟಿದ್ದರಿಂದ ಕೆಳಗಿನವರು ರೇಡಿಯೊ ಮೂಲಕ ಆಜ್ಞೆ ಕಳಿಸಬೇಕಾಯಿತು. ತುದಿಯಲ್ಲಿದ್ದ ಪಾರುಗಾಣಿಕೆ ರಾಕೆಟ್ ಹೊತ್ತಿಕೊಂಡು, ಎಂಜಿನ್ ಭಾಗವನ್ನು ಅಲ್ಲೇ ಬಿಟ್ಟು, ಮುಂದಿನೆರಡನ್ನು ಎಳೆದೊಯ್ದಿತು. ಕೆಲವೇ ಸೆಕೆಂಡಿನಲ್ಲಿ ಕೆಳಗೆ ಎಲ್ಲ ಸ್ಫೋಟಿಸಿತು. ಒಳಗಿದ್ದ ವ್ಲಾದಿಮಿರ್ ತಿತೊವ್, ಗೆನ್ನಾದಿ ಸ್ತ್ರೆಕಾಲೊವ್ ಸುಮಾರು ನಾಲ್ಕು ಕಿ.ಮೀ. ಆಚೆ ಸುರಕ್ಷಿತವಾಗಿ ಇಳಿದರು.

ರಾಕೇಶ್ ಶರ್ಮಾ ಹೆಸರು ನಮ್ಮಲ್ಲಿ ಮಕ್ಕಳಿಗೂ ಗೊತ್ತು. 1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ, ಅದೇ ಬೈಕೊನೂರಿನಿಂದ, ಅವರೊಂದಿಗೆ ಹೊರಟ ಫ್ಲೈಟ್ ಎಂಜಿನಿಯರ್ ಇದೇ ಸ್ತ್ರೆಕಾಲೊವ್.