ಹಿಟ್ಟಿನ ಕೋಳಿ ಮತ್ತು ಮುಚ್ಚಿಟ್ಟ ಸಂದೇಹ

ಆಯುಧಪೂಜೆಯ ದಿನ ಮಂಗಳೂರಿನಿಂದ ವಾಮಂಜೂರಿನ ಮಾರ್ಗವಾಗಿ ಮೂಡುಬಿದಿರೆಯ ಬಸದಿಗಳಿಗೆ ಹೊರಟ ಶ್ರಾವಕರಿಗೆ ಒಂದು ನೋಟ ಅಪರಿಚಿತವಲ್ಲ. ಅಂಗಡಿಗಳ ಮುಂದೆಯೂ ವಾಹನಗಳ ಬಳಿಯೂ ಕುಂಕುಮ ತುಂಬಿದ ಬೂದುಗುಂಬಳಕಾಯಿಗಳು ಒಡೆದು ಬಿದ್ದಿರುತ್ತವೆ. ಜೀವ ತೆಗೆಯದ ಈ ಆಚರಣೆಯನ್ನು ನಿರ್ದೋಷವೆಂದು ಬಗೆಯುವುದು ಸಹಜ. ಆದರೆ ಬಲಿಗೆ ಬದಲಾಗಿ ಕೊಟ್ಟದ್ದು ಬಲಿಯಲ್ಲವೇ ಎಂಬ ಪ್ರಶ್ನೆಯನ್ನು ಕನ್ನಡದ ಜೈನಕವಿಯೊಬ್ಬನು 1209ರಲ್ಲಿಯೇ ಕಾವ್ಯದ ವಸ್ತುವನ್ನಾಗಿ ಮಾಡಿಕೊಂಡನು. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ ಜನ್ನನ ‘ಯಶೋಧರ ಚರಿತೆ’ಯೇ ಆ ಕಾವ್ಯ.

ಈ ಕೃತಿಯನ್ನು ಹಿಂಸೆಯ ಖಂಡನೆಯೆಂದೂ ಕಾಮದ ದುಷ್ಪರಿಣಾಮದ ಕಥೆಯೆಂದೂ ಓದುವುದು ರೂಢಿ. ಆ ಓದು ತಪ್ಪಲ್ಲ, ಆದರೆ ಅಪೂರ್ಣ. ಒಂದು ಶಾಸ್ತ್ರವನ್ನು ನಂಬಲಾರದವನು, ಅದನ್ನು ಮನಸಾರೆ ನಂಬಿದ ಪ್ರೀತಿಪಾತ್ರರೊಡನೆ ಹೇಗೆ ಬಾಳಬೇಕು ಎಂಬ ಸಂಕಟವೂ ಈ ಕಾವ್ಯದ ಒಡಲಲ್ಲಿದೆ.

ಕಥೆಯ ತಿರುವನ್ನು ನೆನೆಯಬಹುದು. ಮಾವುತನಲ್ಲಿ ಅನುರಕ್ತಳಾದ ರಾಣಿ ಅಮೃತಮತಿಯನ್ನು ಯಶೋಧರನು ಕಣ್ಣಾರೆ ಕಾಣುತ್ತಾನೆ. ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಮರುದಿನ ತಾಯಿ ಚಂದ್ರಮತಿಗೆ ಕಂಡದ್ದನ್ನು ಹೇಳದೆ, ಕನಸೊಂದನ್ನು ಕಂಡೆನೆಂದು ಮರೆಮಾಚುತ್ತಾನೆ. ದುಃಸ್ವಪ್ನದ ಶಾಂತಿಗೆ ದೇವಿಗೆ ಪ್ರಾಣಿಬಲಿ ಆಗಲೇಬೇಕೆಂದು ತಾಯಿ ಹಿಡಿಯುತ್ತಾಳೆ. ಮಗನು ಒಪ್ಪುವುದಿಲ್ಲ. ಕೊನೆಗೆ ಇಬ್ಬರ ನಡುವಣ ರಾಜಿಯಾಗಿ ಹಿಟ್ಟಿನ ಕೋಳಿ ಬರುತ್ತದೆ. ಕತ್ತಿ ತಗುಲಿದೊಡನೆ ಅದು ಕೂಗುತ್ತದೆ.

ಚಂದ್ರಮತಿ ದುಷ್ಟೆಯಲ್ಲ ಎಂಬುದನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲ. ಅವಳ ಹಟದ ಹಿಂದಿರುವುದು ಮಗನ ಮೇಲಿನ ವಾತ್ಸಲ್ಯ. ಯಶೋಧರನೂ ಕ್ರೂರಿಯಲ್ಲ, ಅವನು ಮಣಿದದ್ದು ತಾಯಿಯ ಕಣ್ಣೀರಿಗೆ. ಹೀಗೆ ಇಬ್ಬರು ಒಳ್ಳೆಯವರು ಪರಸ್ಪರ ಪ್ರೀತಿಯಿಂದಲೇ ಪಾಪಕ್ಕೆ ಇಳಿಯುತ್ತಾರೆ. ವಿಷಪ್ರಯೋಗದಿಂದ ಸತ್ತ ತಾಯಿಮಕ್ಕಳು ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಕೊನೆಯ ತಿರ್ಯಗ್ಜನ್ಮದಲ್ಲಿ ಇಬ್ಬರೂ ಕೋಳಿಗಳಾಗಿ ಹುಟ್ಟಿ, ಯಶೋಧರನ ಮಗ ಯಶೋಮತಿಯ ಬಾಣಕ್ಕೆ ಸಾಯುತ್ತಾರೆ. ನಂಬಿದವಳಿಗೂ ನಂಬದೆ ನಡೆದವನಿಗೂ ಕವಿ ಒಂದೇ ದಾರಿಯನ್ನು ಕಾಣಿಸಿದ್ದಾನೆ. ನಂಬದೆ ನಡೆದೆನೆಂಬುದು ಯಶೋಧರನಿಗೆ ರಿಯಾಯಿತಿಯಾಗಿ ಒದಗುವುದಿಲ್ಲ.

959ರಲ್ಲಿ ಸೋಮದೇವಸೂರಿ ಸಂಸ್ಕೃತದಲ್ಲಿ ರಚಿಸಿದ ‘ಯಶಸ್ತಿಲಕ ಚಂಪು’ವಿನಲ್ಲಿ ಇದೇ ಸನ್ನಿವೇಶ ವಿಸ್ತಾರವಾದ ವಾದವಾಗಿದೆ. ಅಲ್ಲಿಯ ಯಶೋಧರನು ಬಲಿಯನ್ನು ವಿಧಿಸುವ ಶಾಸ್ತ್ರದ ಪ್ರಾಮಾಣ್ಯವನ್ನೇ ತಾಯಿಯ ಮುಂದೆ ಪ್ರಶ್ನಿಸುತ್ತಾನೆ. ವಾದ ಮಾಡಿದ ಅವನೂ ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಪಾಂಡಿತ್ಯವೊಂದೇ ಮನುಷ್ಯನನ್ನು ಕಾಯದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ. ವಾದಿರಾಜನ ಸಂಸ್ಕೃತ ಕಾವ್ಯವನ್ನು ಅನುಸರಿಸಿದ ಜನ್ನನು ವಾದವನ್ನು ಮೊಟಕುಗೊಳಿಸಿ, ಸಂಕಲ್ಪಹಿಂಸೆಯನ್ನು ಕೋಳಿಯ ಕೂಗಿನಲ್ಲಿಯೇ ಕೇಳಿಸಿದನು.

ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ (1980) ನಾಟಕ ಈ ಕಥೆಗೆ ಹೊಸ ಇಕ್ಕಟ್ಟೊಂದನ್ನು ಸೇರಿಸಿತು. ಇಲ್ಲಿ ರಾಣಿ ಶ್ರದ್ಧಾವಂತ ಜೈನೆ. ರಾಜನು ಅವಳ ಮೇಲಿನ ಪ್ರೇಮದಿಂದ ಜೈನನಾದವನು. ಹಿಂಸೆಯ ಅಭಿನಯವೂ ಹಿಂಸೆಯೇ ಎಂದು ರಾಣಿ ನಿಲ್ಲುತ್ತಾಳೆ. ರಾಜನು ಹೆಂಡತಿಯ ಅಹಿಂಸೆ, ತಾಯಿಯ ಬಲಿ ಇವೆರಡರ ನಡುವೆ ತೂಗಾಡುತ್ತಾನೆ. ಜನ್ಮಾಂತರದ ಸರಣಿಯನ್ನು ಕೈಬಿಟ್ಟದ್ದರಿಂದ ಕರ್ಮಸಿದ್ಧಾಂತದ ಗಾಂಭೀರ್ಯ ಕುಗ್ಗಿ, ಕಥೆ ಒಂದು ರಾತ್ರಿಯ ದಾಂಪತ್ಯಕಲಹಕ್ಕೆ ಇಳಿದಿದೆ ಎಂಬ ಆಕ್ಷೇಪಕ್ಕೆ ಅವಕಾಶವುಂಟು. ಆದರೂ ನಾಟಕಕಾರರು ಹಿಂದಿನವರು ಕೇಳದ ಒಂದು ಮಾತನ್ನು ಕೇಳಿದ್ದಾರೆ: ರಾಜನ ಅಹಿಂಸೆ ಅವನದೇ, ಅಥವಾ ಹೆಂಡತಿಯಿಂದ ಎರವಲು ತಂದದ್ದೇ? ಎರವಲು ತಂದ ಶ್ರದ್ಧೆ ಮೊದಲ ಪರೀಕ್ಷೆಯಲ್ಲಿಯೇ ಬಿರುಕು ಬಿಡುತ್ತದೆ.

ಈ ಪ್ರಶ್ನೆಯನ್ನು ಜೈನ ಕುಟುಂಬಗಳು ತಮ್ಮ ಮನೆಯೊಳಗೂ ತರಬೇಕಾಗಿದೆ. ಯಶೋಧರನು ಸಂದೇಹಿಸಿದ್ದು ಪರಶಾಸ್ತ್ರವನ್ನು. ಇಂದಿನ ಮಗ ಅಥವಾ ಸೊಸೆ ಸಂದೇಹಿಸುವುದು ಸ್ವಶಾಸ್ತ್ರವನ್ನು. ಶಾಲೆಯಲ್ಲಿ ಓದಿದ ಭೂಗೋಳಕ್ಕೂ ಆಗಮದ ಜಂಬೂದ್ವೀಪ, ಮೇರುಪರ್ವತಗಳಿಗೂ ಹೊಂದಿಕೆಯಾಗದೆ ಒಬ್ಬನು ಕಳವಳಗೊಳ್ಳುತ್ತಾನೆ. ವೀತರಾಗನ ಬಸದಿಯಲ್ಲಿ ಪದ್ಮಾವತಿ ಅಮ್ಮನವರಿಗೆ ಹರಕೆಯೇಕೆ ಎಂದು ಮತ್ತೊಬ್ಬಳು ಯೋಚಿಸುತ್ತಾಳೆ. ಮನೆಯ ಹಿರಿಯರು ನೊಂದಾರೆಂದು ಇಬ್ಬರೂ ಸುಮ್ಮನಿದ್ದು, ಚತುರ್ದಶಿಯ ಉಪವಾಸವನ್ನೂ ಅಭಿಷೇಕವನ್ನೂ ಮನಸ್ಸಿಲ್ಲದೆ ನಡೆಸುತ್ತಾರೆ. ಇದೂ ಹಿಟ್ಟಿನ ಕೋಳಿಯೇ. ಸಾಲ ತೀರಿಸದೆ ಖಾತೆಯನ್ನು ಮಾತ್ರ ಬದಲಿಸಿದಂತೆ, ಸಂದೇಹವು ಮೌನದ ಲೆಕ್ಕದಲ್ಲಿ ಬೆಳೆಯುತ್ತಲೇ ಇರುತ್ತದೆ.

ಶಂಕೆಯನ್ನು ‘ತತ್ತ್ವಾರ್ಥಸೂತ್ರ’ ಸಮ್ಯಗ್ದರ್ಶನದ ಅತಿಚಾರಗಳಲ್ಲಿ ಮೊದಲನೆಯದಾಗಿ ಎಣಿಸಿದೆ, ನಿಜ. ಆದರೆ ಅದೇ ಗ್ರಂಥ ಪೃಚ್ಛನೆಯನ್ನು, ಅಂದರೆ ಕೇಳಿ ತಿಳಿಯುವುದನ್ನು, ಸ್ವಾಧ್ಯಾಯದ ಐದು ಭೇದಗಳಲ್ಲಿ ಒಂದೆಂದು ಹೇಳಿ, ಸ್ವಾಧ್ಯಾಯವನ್ನು ಅಂತರಂಗ ತಪಸ್ಸಿನಲ್ಲಿ ಸೇರಿಸಿದೆ. ಒಳಗೆ ಮುಚ್ಚಿಟ್ಟ ಶಂಕೆ ದೋಷ. ವಿನಯದಿಂದ ಹೊರಗೆ ತಂದ ಪ್ರಶ್ನೆ ತಪಸ್ಸು. ಮಗಧದ ಶ್ರೇಣಿಕ ಮಹಾರಾಜನು ಮೊದಲು ಜಿನಧರ್ಮಕ್ಕೆ ವಿಮುಖನಾಗಿದ್ದನು, ರಾಣಿ ಚೇಲನೆ ದೃಢ ಶ್ರಾವಕಿಯಾಗಿದ್ದಳು ಎಂಬುದು ಪರಂಪರೆಯ ಕಥೆ. ಆ ಶ್ರೇಣಿಕನೇ ಮುಂದೆ ಸಮವಸರಣದಲ್ಲಿ ಪ್ರಶ್ನೆ ಕೇಳುವವನಾದನು. ಗೌತಮ ಗಣಧರರು ಅವನಿಗಿತ್ತ ಉತ್ತರಗಳ ರೂಪದಲ್ಲಿಯೇ ನಮ್ಮ ಪುರಾಣಗಳು ನಿರೂಪಿತವಾಗಿವೆ.

ಆದುದರಿಂದ ಯಶೋಧರನ ಅಪರಾಧ ಸಂದೇಹಪಟ್ಟದ್ದರಲ್ಲಿ ಇಲ್ಲ. ತಾಯಿಗೆ ಸತ್ಯವನ್ನು ಹೇಳದೆ ಕನಸನ್ನು ಹೇಳಿದ್ದರಲ್ಲಿ, ಒಪ್ಪದ್ದನ್ನು ಒಪ್ಪಿದಂತೆ ನಟಿಸಿದ್ದರಲ್ಲಿ ಇದೆ. ನಂಬುವವರ ಮನಸ್ಸು ನೋಯದಿರಲೆಂಬ ಕರುಣೆ ದೊಡ್ಡದು. ಆದರೆ ಸತ್ಯಾಣುವ್ರತವನ್ನು ಬಿಟ್ಟ ಕರುಣೆ ಇಬ್ಬರನ್ನೂ ಉಳಿಸದು. ಬಸದಿಯ ಆಡಳಿತ ಮಂಡಳಿಗಳು ಪೂಜೆಯ ವೇಳಾಪಟ್ಟಿಯೊಡನೆ ಪ್ರಶ್ನೆ ಕೇಳುವುದಕ್ಕೂ ಒಂದು ಗಂಟೆಯನ್ನು ಮೀಸಲಿಟ್ಟರೆ, ಹಿರಿಯರು ಅಲ್ಲಿ ಕುಳಿತು ಸಹನೆಯಿಂದ ಕೇಳಿಸಿಕೊಂಡರೆ, ಅನೇಕ ಮನೆಗಳಲ್ಲಿ ಹಿಟ್ಟು ಕಲಸುವ ಅಗತ್ಯವೇ ಬೀಳದು.